ಜೊಲ್ಲಿನ ಪರೀಕ್ಷೆ ಬರಲಿ, ಅವಸರ ಬೇಡ

ಒಂದು ಹನಿ ಜೊಲ್ಲಿನಿಂದಲೇ ಬಾಯಿ ಕ್ಯಾನ್ಸರ್ ಪತ್ತೆಯಾಗುತ್ತದೆ, ಗಡ್ಡೆಯ ಚೂರು ತೆಗೆದು ನೋಡುವ ಬಯಾಪ್ಸಿ ಇನ್ನು ಬೇಡ ಎಂಬ ಲೇಖನದ ಮಾತು ಅವಸರದ್ದು ಎನಿಸಿತು. ಆ ಪರೀಕ್ಷೆ ಜೊಲ್ಲಿನಲ್ಲಿ ಹುಡುಕುವ ಮೈಕ್ರೋ ಆರ್‌ಎನ್‌ಎ, ಜೀವಕೋಶದಲ್ಲಿ ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ, ಸುಮಾರು 22 ಅಕ್ಷರಗಳಷ್ಟೇ ಉದ್ದದ ತುಣುಕು. 1993ರಲ್ಲಿ ಪುಟ್ಟ ಹುಳುವೊಂದರಲ್ಲಿ ಅದನ್ನು ಕಂಡುಹಿಡಿದ ಆಂಬ್ರೋಸ್ ಮತ್ತು ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂದಿತು. ಜೊಲ್ಲಿನಲ್ಲೂ ರಕ್ತದಲ್ಲೂ ಅದು ಬೇಗ ಕೆಡದೆ ಉಳಿಯುತ್ತದೆ, ನಿಜ. ತಲೆ ಮತ್ತು ಕುತ್ತಿಗೆಯ ಗಡ್ಡೆಗಳಲ್ಲಿ ಮಿರ್-21 ಎಂಬ ಮೈಕ್ರೋ ಆರ್‌ಎನ್‌ಎ ಏರಿರುವುದೂ ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಇದೇ ಮಿರ್-21 ಸ್ತನ, ಶ್ವಾಸಕೋಶ, ಕರುಳಿನ ಕ್ಯಾನ್ಸರಿನಲ್ಲೂ ಏರುತ್ತದೆ. ಗಂಟೆ ಬಾರಿಸುತ್ತದೆ, ಬೆಂಕಿ ಬಿದ್ದದ್ದು ಯಾರ ಮನೆಗೆ ಎಂದು ಹೇಳುವುದಿಲ್ಲ!

ನಾನು ಪ್ರಯೋಗಾಲಯದಲ್ಲಿ ದುಡಿದವನು. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಸಾಕು, ಮಿರ್-16 ಮತ್ತು ಮಿರ್-451ರ ಪ್ರಮಾಣ ಸುಮ್ಮನೆ ಏರಿಬಿಡುತ್ತದೆ. ಹಾಗಿದ್ದೂ ಮಿರ್-16ನ್ನೇ ಉಳಿದವನ್ನು ಹೋಲಿಸಿ ನೋಡುವ ಅಳತೆಗೋಲಾಗಿ ಇಟ್ಟುಕೊಂಡ ಪ್ರಬಂಧಗಳಿವೆ. ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದಕ್ಕೆ ತಾಳೆಯಾಗದಿದ್ದರೆ ಅಚ್ಚರಿಯೇನು?

ತಿರುವನಂತಪುರ ಜಿಲ್ಲೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಕಾರ್ಯಕರ್ತರು ಬರಿಗಣ್ಣಿನಿಂದ ಬಾಯಿ ನೋಡಿದ್ದರಿಂದಲೇ ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಕಡಿಮೆಯಾಯಿತು. ನನ್ನ ಸೋದರಮಾವನ ಕೆನ್ನೆಯೊಳಗೂ ವರ್ಷವಿಡೀ ಬಿಳಿ ಮಚ್ಚೆ ಇತ್ತು. ಎಲೆ ಅಡಿಕೆ ಹಾಕುವ ಬಾಯಲ್ಲಿ ಇದೆಲ್ಲ ಇದ್ದದ್ದೇ ಎಂದು ಅವರೂ ತೋರಿಸಲಿಲ್ಲ, ನಾವೂ ಕೇಳಲಿಲ್ಲ.

ಕಣ್ಣಿಗೆ ಎಟುಕದ ಗಂಟಲಾಳದ ಗಡ್ಡೆಗೆ, ಚಿಕಿತ್ಸೆಯ ನಂತರ ರೋಗ ಮರುಕಳಿಸುತ್ತಿದೆಯೇ ಎಂದು ಗಮನಿಸಲು ಈ ಜೊಲ್ಲಿನ ಪರೀಕ್ಷೆ ನಿಜಕ್ಕೂ ಒದಗಬಹುದು. ಲೇಖಕರು ಅದರ ಬಗ್ಗೆ ಬರೆದರೆ ಖಂಡಿತ ಓದುತ್ತೇನೆ.