ಪದ್ಮಿನಿಯ ಪಾಳಿ

ಮುಂಬೈಯಲ್ಲಿ ಸಾಯುವ ತಾರೀಕು ಮೊದಲೇ ಗೊತ್ತಿದ್ದ ಜೀವವೆಂದರೆ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ. ಈ ನಗರದಲ್ಲಿ ಟ್ಯಾಕ್ಸಿಯ ಆಯುಸ್ಸು ಇಪ್ಪತ್ತು ವರ್ಷ ಎಂದು ಸರಕಾರ ಜಾತಕ ಬರೆದಿಟ್ಟಿದೆ. ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ತಾರ್‌ದೇವ್ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಬೆರಳು ಮಡಚಿ ಎಣಿಸಿದರೆ 2023ರ ಅಕ್ಟೋಬರ್ 29ಕ್ಕೆ ವೈಕುಂಠಯಾತ್ರೆ. ಇಂಜಿನ್ ಇನ್ನೂ ಗಟ್ಟಿಯಿದೆಯೇ, ಬ್ರೇಕ್ ಹಿಡಿಯುತ್ತದೆಯೇ ಎಂದೆಲ್ಲ ಕೇಳುವಂತಿಲ್ಲ. ಪಂಚಾಂಗ ಹೇಳಿತು, ಮುಗಿಯಿತು.

ಮುಹೂರ್ತ ಗೊತ್ತಿರುವ ಸಾವಿಗೆ ನೆಂಟರು ಮುಂಚಿತವಾಗಿಯೇ ಬಂದು ಕೂರುತ್ತಾರೆ. ಇಲ್ಲೂ ಹಾಗೇ ಆಯಿತು. ಮೊಬೈಲ್ ಹಿಡಿದು ಟ್ಯಾಕ್ಸಿಯ ಬಾನೆಟ್‌ಗೆ ಒರಗಿ ನಿಂತವರೆಷ್ಟು, ಮೀಟರನ್ನು ಸವರಿದವರೆಷ್ಟು! ಒಂದಾದರೂ ಟ್ಯಾಕ್ಸಿಯನ್ನು ಉಳಿಸಿಡಿ ಎಂದು ಟ್ಯಾಕ್ಸಿ ಚಾಲಕರ ಸಂಘದವರು ಸರಕಾರಕ್ಕೆ ಬರೆದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮುಂಬೈಯ ನಗರ ಸಾರಿಗೆ ಸಂಸ್ಥೆ ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸೂ ತೀರಿಕೊಂಡಿದ್ದರಿಂದ ಜನರಿಗೆ ಅಳುವ ಅಭ್ಯಾಸವೂ ಆಗಿತ್ತು. ನಮ್ಮ ಮುಂಬೈ ಕನ್ನಡಿಗರ ವಾಟ್ಸ್ಆಪ್ ಗುಂಪಿನಲ್ಲಿ ಒಬ್ಬ ಹಿರಿಯರು ಭಾಮಿನಿ ಷಟ್ಪದಿಯಲ್ಲಿ ಚರಮಗೀತೆ ಹಾಕಿದರು. ಭಾಮಿನಿಯಲ್ಲಿ ಪದ್ಮಿನಿ! ಮಾತ್ರೆಗಳ ಲೆಕ್ಕ ಮಾತ್ರ ಹಳೆಯ ಟ್ಯಾಕ್ಸಿಯ ಮೀಟರಿನಂತೆ ಎಲ್ಲೆಲ್ಲಿಗೋ ಓಡಿತ್ತು. ಇದೇ ಹಿರಿಯರು ಹಿಂದೊಮ್ಮೆ ಕಿಂಗ್ಸ್ ಸರ್ಕಲ್‌ನಲ್ಲಿ ಸೂಟ್‌ಕೇಸ್ ಹಿಡಿದು ನಿಂತಿದ್ದಾಗ, ಖಾಲಿ ಪದ್ಮಿನಿ ಎದುರಿಗೇ ಬಂದು ನಿಂತರೂ, "ಈ ಡಬ್ಬಾ ಬೇಡ, ಹಿಂದೆ ಹೊಸ ಗಾಡಿ ಬರುತ್ತಿದೆ" ಎಂದು ಕೈ ಬೀಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಕಾರಿಗಾಗಿ ಅಳುವ ಹಕ್ಕು ಯಾರಿಗಾದರೂ ಇದ್ದರೆ ಅದು ನಮ್ಮ ಅತ್ತೆಗೆ, ಅಂದರೆ ಸೋದರಮಾವನ ಹೆಂಡತಿಗೆ. ಕಾರು ಹೋದದ್ದಕ್ಕಲ್ಲ, ಬಂದದ್ದಕ್ಕೆ.

ಮಾವ ಕುಂದಾಪುರದ ಕಡೆಯಿಂದ ಬಂದು, ಮಾಟುಂಗದ ಹೋಟೆಲೊಂದರಲ್ಲಿ ಮಾಣಿಯಾಗಿ ತಟ್ಟೆ ಎತ್ತಿ, ಗಲ್ಲಾಪೆಟ್ಟಿಗೆಯವರೆಗೆ ಏರಿ, ಕೊನೆಗೆ ದಾದರಿನಲ್ಲಿ ಪಾಲುದಾರಿಕೆಯ ಸಣ್ಣ ಹೋಟೆಲು ಮಾಡಿದವರು. ಕೈಯಲ್ಲಿ ನಾಲ್ಕು ಕಾಸು ಸೇರಿದ್ದೇ ತಡ, 1966ರಲ್ಲಿ ಫಿಯೆಟ್ ಬುಕ್ ಮಾಡಿದರು. 'ಬುಕ್ ಮಾಡುವುದು' ಎಂದರೆ ಇಂದಿನವರಿಗೆ ಅರ್ಥವಾಗಲಾರದು. ಅಂದು ಕಾರಿನಂಗಡಿಗೆ ಹೋದವನಿಗೆ ಯಾವ ಬಣ್ಣ ಬೇಕು ಎಂಬ ಪ್ರಶ್ನೆ ಎದುರಾಗುತ್ತಿರಲಿಲ್ಲ. ಮಗ ಎಷ್ಟನೆಯ ಕ್ಲಾಸು ಎಂದು ಕೇಳಿದ್ದರೆ ಸರಿಹೋಗುತ್ತಿತ್ತು, ಏಕೆಂದರೆ ಓಡಿಸುವವನು ಅವನೇ.

ದೇಶಕ್ಕೆಲ್ಲ ಇದ್ದದ್ದು ಮೂರು ಕಾರು. ಕಲ್ಕತ್ತೆಯ ಕಡೆಯಿಂದ ಅಂಬಾಸಿಡರ್, ಮದ್ರಾಸಿನಿಂದ ಸ್ಟ್ಯಾಂಡರ್ಡ್, ನಮ್ಮ ಕುರ್ಲಾದಿಂದ ಫಿಯೆಟ್. ವಾಲಚಂದ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿ, ಮೊದಲು ಅಮೆರಿಕದ ಕ್ರೈಸ್ಲರ್‌ನ ಗಾಡಿಗಳನ್ನು ಜೋಡಿಸಿದರು. ಆಮೇಲೆ ಇಟಲಿಯ ಫಿಯೆಟ್ ಬಂತು. ಐವತ್ತರ ದಶಕದ ಗುಂಡುಗುಂಡಾದ ಫಿಯೆಟ್ 1100ಕ್ಕೆ ಮುಂಬೈ ಜನ ಇಟ್ಟ ಹೆಸರು 'ಡುಕ್ಕರ್', ಅಂದರೆ ಮರಾಠಿಯಲ್ಲಿ ಹಂದಿ. ಇಂದು ಅದೇ ಹಂದಿಯನ್ನು ಉಜ್ಜಿ ಹೊಳೆಯಿಸಿ ಹಳೆಯ ಕಾರುಗಳ ಮೆರವಣಿಗೆಯಲ್ಲಿ ವರಾಹಾವತಾರವೆಂಬಂತೆ ನಡೆಸುತ್ತಾರೆ.

ಕಾರ್ಖಾನೆ ವರ್ಷಕ್ಕೆ ಎಷ್ಟು ಕಾರು ಮಾಡಬೇಕೆಂಬುದನ್ನು ಸರಕಾರ ಕೊಟ್ಟ ಲೈಸೆನ್ಸ್ ನಿರ್ಧರಿಸುತ್ತಿತ್ತು. ಲೈಸೆನ್ಸಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ಮಾಡಿದರೆ ಶಾಭಾಸ್‌ಗಿರಿ ಅಲ್ಲ, ತಪ್ಪು! ಮಾವನಿಗೆ ಇದು ಸಾಯುವವರೆಗೂ ತಲೆಗೆ ಹೋಗಲಿಲ್ಲ. "ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆ, ದುಡ್ಡು ಮುಂಗಡ ಕೊಟ್ಟಿದ್ದಾನೆ. ಇನ್ನೊಂದು ಒಬ್ಬೆ ಇಡ್ಲಿ ಇಡುವುದಕ್ಕೆ ದೆಹಲಿಗೆ ಏಕೆ ಬರೆಯಬೇಕು?" ಎಂದು ಹಿಟ್ಟು ರುಬ್ಬುವವನ ಹತ್ತಿರ ಕೇಳುತ್ತಿದ್ದರು. ಯೋಜನಾ ಆಯೋಗದಲ್ಲಿ ಹಿಟ್ಟು ರುಬ್ಬಿದ ಒಬ್ಬನಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೂ ಅನ್ನಿಸಿದ್ದಿದೆ.

ಪಾಳಿ ತಪ್ಪಿಸಿ ಮುಂದೆ ಹೋಗಲು ಎರಡು ದಾರಿಗಳಿದ್ದವು. ಒಂದು ಸರಕಾರಿ ಕೋಟಾ. ಇನ್ನೊಂದು 'ಆನ್'. ಮುಂಬೈ ವ್ಯಾಪಾರಿಗಳ ಈ ಎರಡಕ್ಷರದ ಮಂತ್ರ ಕನ್ನಡಕ್ಕೆ ಬರುವುದಿಲ್ಲ. ಬೆಲೆ ಇಷ್ಟು, ಅದರ 'ಮೇಲೆ' ಕತ್ತಲಲ್ಲಿ ಕೊಡುವುದು ಇಷ್ಟು. ಕಾರು ಸಿಕ್ಕವನು ಓಡಿಸುವುದಕ್ಕಿಂತ ಮಾರಿದರೆ ಲಾಭ ಹೆಚ್ಚು. ಹೊಸ ಕಾರಿಗಿಂತ ಹಳೆಯ ಕಾರು ದುಬಾರಿಯಾದ ಅಪೂರ್ವ ಅರ್ಥಶಾಸ್ತ್ರವನ್ನು ನಾವು ಜಗತ್ತಿಗೆ ಕೊಟ್ಟೆವು, ಜಗತ್ತು ತೆಗೆದುಕೊಳ್ಳಲಿಲ್ಲ. ಮಾವನಿಗೆ ಕೋಟಾ ಇರಲಿಲ್ಲ, ಆನ್ ಕೊಡುವ ಧೈರ್ಯವೂ ಇರಲಿಲ್ಲ. ಅವರಿಗಿದ್ದದ್ದು ಒಂದು ರಸೀದಿ.

ಆ ರಸೀದಿಯನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಕೊಲ್ಲೂರು ಮೂಕಾಂಬಿಕೆಯ ಪಟದ ಹಿಂದೆ ಇಟ್ಟಿದ್ದರು. ಚಾಳಿನ ಒಂದೂವರೆ ಕೋಣೆಯ ಮನೆಯಲ್ಲಿ ಕಾರು ಇಲ್ಲದಿದ್ದರೂ ಕಾರಿನ ಗತ್ತು ಬಂದಿತ್ತು. ಅಕ್ಕನಿಗೆ ಗಂಡು ನೋಡುವಾಗ "ಕಾರು ಬುಕ್ ಆಗಿದೆ" ಎಂಬ ಮಾತು ಕಾಫಿಯ ಜೊತೆಗೇ ಹೊರಗೆ ಬರುತ್ತಿತ್ತು. ಆಯುಧಪೂಜೆಯ ದಿನ ಪಕ್ಕದ ಮನೆಯವರು ಸೈಕಲಿಗೆ, ಎದುರು ಮನೆಯವರು ಹೊಲಿಗೆ ಯಂತ್ರಕ್ಕೆ ಹೂ ಏರಿಸುತ್ತಿದ್ದರೆ, ನಮ್ಮ ಅತ್ತೆ ರಸೀದಿಯನ್ನು ಲಕೋಟೆಯಿಂದ ತೆಗೆದು, ಮಣೆಯ ಮೇಲಿಟ್ಟು, ಕುಂಕುಮ ಹಚ್ಚುತ್ತಿದ್ದರು. ಚಕ್ರದ ಕೆಳಗಿಡಲೆಂದು ತಂದ ನಿಂಬೆಹಣ್ಣಿಗೆ ಚಕ್ರವಿಲ್ಲದೆ ಮಾವ ಶರಬತ್ತು ಮಾಡಿಸಿ ಕುಡಿಯುತ್ತಿದ್ದರು. ಹೀಗೆ ಎಂಟು ಆಯುಧಪೂಜೆ, ಎಂಟು ಬೊಟ್ಟು, ಎಂಟು ಲೋಟ ಶರಬತ್ತು.

ಕೊನೆಗೆ ಮಾವನಿಗೆ ಕಾರು ಕೊಡಿಸಿದ್ದು ಅರಬ್ಬರು. 1973ರ ಅಕ್ಟೋಬರ್‌ನಲ್ಲಿ ಇಸ್ರೇಲಿನೊಂದಿಗೆ ಯುದ್ಧವಾಗಿ, ತೈಲದ ಬೆಲೆ ಆಕಾಶಕ್ಕೆ ಏರಿ, ಪಾಳಿಯಲ್ಲಿ ಮುಂದೆ ನಿಂತಿದ್ದವರೆಲ್ಲ ಕಾರು ಬೇಡ, ಮುಂಗಡ ವಾಪಸು ಕೊಡಿ ಎಂದರು. ಮಾವನ ನಂಬರು ದಡದಡನೆ ಮೇಲೆ ಬಂತು. 1974ರಲ್ಲಿ ಕರೆ ಬಂದಾಗ ಗುಮಾಸ್ತ ರಸೀದಿಯನ್ನು ಬೆಳಕಿಗೆ ಹಿಡಿದು, "ಈ ಕೆಂಪಿನ ಕೆಳಗಿರುವುದು ಮೂರೋ ಎಂಟೋ?" ಎಂದು ಕೇಳಿದನಂತೆ. "ಯಾವುದು ಮೊದಲು ಬರುತ್ತದೋ ಅದು" ಎಂದರಂತೆ ಮಾವ.

ಅವರು ಬುಕ್ ಮಾಡಿದ್ದು ಫಿಯೆಟ್, ಮನೆಗೆ ಬಂದದ್ದು ಪದ್ಮಿನಿ. ನಿಶ್ಚಿತಾರ್ಥವಾಗಿ ಎಂಟು ವರ್ಷವಾದರೆ ಹುಡುಗಿಯ ಹೆಸರೂ ಬದಲಾಗಿರುತ್ತದೆ. ಇಟಲಿಯ ಹೆಸರು ಕಳಚಿ ಮೊದಲು ಪ್ರೆಸಿಡೆಂಟ್ ಆಗಿ, 1974ರಲ್ಲಿ ರಜಪೂತ ರಾಣಿಯ ಹೆಸರು ಹೊತ್ತಿತು. ಹಂದಿಯಿಂದ ರಾಣಿಯವರೆಗೆ ಇಪ್ಪತ್ತು ವರ್ಷದಲ್ಲಿ ಇಂಥ ಬಡ್ತಿ ಮುಂಬೈಯಲ್ಲಿ ಬೇರೆ ಯಾರಿಗೂ ಸಿಕ್ಕಿಲ್ಲ. ಕಾಮಶಾಸ್ತ್ರದ ಲೆಕ್ಕದಲ್ಲಿ ಇದು ಪದ್ಮಿನಿಯಾದರೆ ಅಂಬಾಸಿಡರ್ ಹಸ್ತಿನಿಯಾಗಬೇಕಲ್ಲ ಎಂದು ಹೋಟೆಲಿನ ಭಟ್ಟರು ಕೇಳಿ ಮಾವನಿಂದ ಬೈಸಿಕೊಂಡರು.

ಕಾರು ಬಂತು, ಪೆಟ್ರೋಲಿಗೆ ದುಡ್ಡಿರಲಿಲ್ಲ. ತರಕಾರಿ ತರಲು ಮಾವ ಹಿಂದಿನಂತೆಯೇ ಬೆಸ್ಟ್ ಬಸ್ಸಿನಲ್ಲಿ ಹೋಗುತ್ತಿದ್ದರು. ಕಾರಿಗೆ ಬಟ್ಟೆಯ ಹೊದಿಕೆ, ಹೊದಿಕೆಯ ಮೇಲೆ ಕಾಗೆ. ತಿಂಗಳಿಗೊಮ್ಮೆ ಮಹಾಲಕ್ಷ್ಮಿ ದೇವಸ್ಥಾನ, ನಾಟಕವಿದ್ದರೆ ಮಾಟುಂಗದ ಮೈಸೂರು ಅಸೋಸಿಯೇಶನ್. ಗೇರಿನ ಕೋಲು ಸ್ಟಿಯರಿಂಗಿನ ಪಕ್ಕದಲ್ಲೇ ಇದ್ದುದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಬಹುದಿತ್ತು. ಮಾವ, ಅತ್ತೆ, ನಡುವೆ ನಾನು. ಆ ನಡುವಿನ ಜಾಗದ ಸುಖವನ್ನು ಈಗಿನ ಯಾವ ಎಸ್‌ಯುವಿಯೂ ಕೊಡಲಾರದು, ಏಕೆಂದರೆ ಅಲ್ಲಿ ಈಗ ಕಾಫಿ ಲೋಟ ಕೂರುತ್ತದೆ.

ಈ ಕಾರಿನ ಮುಂದೆ ದೊಡ್ಡವರೂ ಚಿಕ್ಕವರಾದದ್ದುಂಟು. ಲಾಲ್ ಬಹಾದುರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ, 1964ರಲ್ಲಿ, ಮನೆಯವರ ಒತ್ತಾಯಕ್ಕೆ ಫಿಯೆಟ್ ಕೊಂಡರು. ಬೆಲೆ 12,000 ರೂಪಾಯಿ, ಕೈಯಲ್ಲಿದ್ದದ್ದು 7,000. ಉಳಿದ 5,000ವನ್ನು ಪಂಜಾಬ್ ನ್ಯಾಶನಲ್ ಬ್ಯಾಂಕಿನಿಂದ ಸಾಲ ತೆಗೆದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡ ಮೇಲೆ ಆ ಸಾಲವನ್ನು ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು. ಕುರ್ಲಾದ ಆ ಕಾರ್ಖಾನೆ ಇದ್ದ ರಸ್ತೆಯ ಹೆಸರು ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗ. ಸಾಲಗಾರನ ಹೆಸರನ್ನು ಅಂಗಡಿಯ ಬೀದಿಗೇ ಇಟ್ಟ ಉದಾಹರಣೆ ಇನ್ನೊಂದಿದ್ದರೆ ಹೇಳಿ. ಈ 12,000ವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಟ್ಯಾಕ್ಸಿಯ ಮೀಟರಿನ ವಿಷಯ ಹೇಳದಿದ್ದರೆ ಪಾಪ ಬರುತ್ತದೆ. ಎಡಗಡೆ ಹೊರಗೆ, ಮಳೆಗೆ ಬಿಸಿಲಿಗೆ ಒಡ್ಡಿಕೊಂಡು ಒಂದು ಕಬ್ಬಿಣದ ಡಬ್ಬಿ. ಚಾಲಕ ಕೈ ಚಾಚಿ ಅದರ ಕಿವಿ ಹಿಂಡಿದರೆ 'ಟಿಣ್' ಎಂದು ಒಂದು ರೂಪಾಯಿ ತೋರಿಸುತ್ತಿತ್ತು. ಆದರೆ ಕೊಡಬೇಕಾದದ್ದು ಒಂದು ರೂಪಾಯಿಯಲ್ಲ. ದರ ಏರಿದಂತೆಲ್ಲ ಮೀಟರನ್ನು ಬದಲಿಸುವ ಬದಲು ಸರಕಾರ ಕಾರ್ಡನ್ನು ಬದಲಿಸಿತು. ಮೀಟರ್ ಹೇಳಿದ್ದನ್ನು ಕಾರ್ಡಿನಲ್ಲಿ ಹುಡುಕಿ, ಎದುರಿನ ಅಂಕಣದಲ್ಲಿದ್ದದ್ದನ್ನು ತೆರಬೇಕು. ಹೊಸದಾಗಿ ದಾದರ್ ಸ್ಟೇಷನ್ನಿನಲ್ಲಿಳಿದ ನಮ್ಮೂರಿನವರು ಮೀಟರ್ ನೋಡಿ, "ಎಷ್ಟು ಅಗ್ಗ!" ಎಂದು ಊರು ಸುತ್ತಿ, ಕಾರ್ಡು ನೋಡಿ ಬೆವರಿದ್ದಾರೆ. ಮುಂಬೈ ಕನ್ನಡಿಗರಿಗೆ ಹದಿಮೂರರ, ಹದಿನಾಲ್ಕರ ಮಗ್ಗಿ ಬಾಯಿಗೆ ಬಂದದ್ದು ಶಾಲೆಯಲ್ಲಲ್ಲ, ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ. ಸುಳ್ಳು ಹೇಳುವ ಯಂತ್ರ, ಅದನ್ನು ನಿಜ ಮಾಡುವ ಸರಕಾರಿ ಕಾಗದ. ಇಲೆಕ್ಟ್ರಾನಿಕ್ ಮೀಟರ್ ಬಂದ ಮೇಲೆ ಆ ಗಣಿತವೂ ಹೋಯಿತು.

1983ರ ಡಿಸೆಂಬರಿನಲ್ಲಿ ಮಾರುತಿ ಬಂತು. ಬಾಲಕ್ಕೆ ಬೆಂಕಿ ಹಚ್ಚಿಸಿಕೊಂಡದ್ದು ಅದಾದರೂ ಸುಟ್ಟದ್ದು ಕುರ್ಲಾ. ಎರಡು ಸಾವಿರದ ಇಸವಿಯ ಆಸುಪಾಸಿಗೆ ಪದ್ಮಿನಿಯ ತಯಾರಿಕೆ ನಿಂತಿತು.

ಮಾವ ಈಗಿಲ್ಲ. ಕಾರು ಇದೆ. ಚಾಳು ಬಿದ್ದು ಘಾಟ್‌ಕೋಪರಿನ ಬಹುಮಹಡಿಗೆ ಬಂದಿರುವ ಭಾವ, ಅಂದರೆ ಮಾವನ ಮಗ, ಅದನ್ನು ಉಳಿಸಿಕೊಂಡಿದ್ದಾನೆ. ಉಳಿಸಿಕೊಳ್ಳುವುದೆಂದರೆ ಕಚೇರಿಗೆ ನಡೆದುಕೊಳ್ಳುವುದು. ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕವನ್ನು ಕೇಂದ್ರ ಸರಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದೆ. ಒಬ್ಬ ಪ್ರಧಾನಿ ಸಾಲ ಮಾಡಿ ಇಡೀ ಕಾರನ್ನೇ ಕೊಂಡದ್ದು 12,000ಕ್ಕೆ. ಇನ್ನೊಂದು ಏರಿಕೆಯಾದರೆ ಐದು ವರ್ಷಕ್ಕೊಮ್ಮೆ ಒಂದು ಫಿಯೆಟ್ಟನ್ನು ಸರಕಾರಕ್ಕೆ ದಾನ ಕೊಟ್ಟ ಪುಣ್ಯ ಬರುತ್ತದೆ. ಅದರ ಮೇಲೆ ಪರಿಸರ ತೆರಿಗೆ. ಹಳೆಯ ಗಾಡಿಗಳಿಗೂ ಹೊಸ ಸುರಕ್ಷಿತ ನಂಬರ್ ಪ್ಲೇಟ್ ಬೇಕೆಂದು ಮಹಾರಾಷ್ಟ್ರ ಸರಕಾರ ಗಡುವು ಹಾಕಿತು, ಗಡುವನ್ನು ಮುಂದೂಡಿತು, ಮತ್ತೆ ಮುಂದೂಡಿತು. ಗಡುವಿಗೇ ಒಂದು ನಂಬರ್ ಪ್ಲೇಟ್ ಹಾಕಿದ್ದರೆ ಹುಡುಕಲು ಸುಲಭವಾಗುತ್ತಿತ್ತು. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್. ಮಾವನ ಕಾಲದ ಕಾರ್ಬ್ಯುರೇಟರ್ ಈ ವಯಸ್ಸಿನಲ್ಲಿ ಕಬ್ಬಿನ ಪಾನಕ ಕಲಿಯಬೇಕಾಗಿದೆ.

ಭಾವ ಕಚೇರಿಯೊಂದಕ್ಕೆ ಹೋದಾಗ (ಯಾವ ಕಚೇರಿ ಎಂದು ಬರೆಯುವುದಿಲ್ಲ, ಅವನು ಇನ್ನೂ ಅಲ್ಲಿಗೆ ಹೋಗಬೇಕು) ಗುಮಾಸ್ತ, "ತಯಾರಕರಿಂದ ಪತ್ರ ತನ್ನಿ" ಎಂದ. ತಯಾರಿಕೆ ನಿಂತು ಕಾಲು ಶತಮಾನವಾಯಿತು ಎಂದು ಭಾವ ಹೇಳಿದ. "ಹಾಗಾದರೆ ನಿಂತಿದೆ ಎಂದು ಅವರಿಂದಲೇ ಪತ್ರ ತನ್ನಿ."

ಇಷ್ಟಾದರೂ ದಾಟಬಹುದು. ದಾಟಲಾಗದ್ದು ಜಾಗ. ಪಾರ್ಕಿಂಗ್ ಜಾಗದ ಪುರಾವೆ ಇಲ್ಲದೆ ಹೊಸ ಕಾರಿನ ನೋಂದಣಿ ಇಲ್ಲ ಎಂದು ರಾಜ್ಯದ ಸಾರಿಗೆ ಸಚಿವರು 2025ರಲ್ಲಿ ಹೇಳಿದರು. ಒಂದು ಕಾಲದಲ್ಲಿ ಜಾಗವಿತ್ತು, ಕಾರಿರಲಿಲ್ಲ. ಈಗ ಕಾರು ಇದೆ, ಅಂಗಡಿಯವನು ಅದೇ ದಿನ ಮನೆಗೆ ತಂದುಕೊಡುತ್ತಾನೆ, ಇಡುವುದಕ್ಕೆ ಮುಂಬೈ ಇಲ್ಲ. ಭಾವನ ಕಟ್ಟಡದಲ್ಲಿ ಯಂತ್ರದ ಪಾರ್ಕಿಂಗ್. ಕಬ್ಬಿಣದ ತಟ್ಟೆಯ ಮೇಲೆ ಕಾರು ಇಟ್ಟರೆ ಮೇಲಕ್ಕೆ ಎತ್ತಿ ಗೂಡಿನಲ್ಲಿ ಹಾಕುತ್ತದೆ, ಹೋಟೆಲಿನ ಇಡ್ಲಿ ಸ್ಟ್ಯಾಂಡಿನ ಹಾಗೆ. ಒಂದು ಮನೆಗೆ ಒಂದು ಗೂಡು. ಅದರಲ್ಲಿ ಸೊಸೆಯ ಹೊಸ ಕಾರು ಕೂತಿದೆ. ಪದ್ಮಿನಿ ಹೊರಗೆ, ಗುಲ್‌ಮೊಹರಿನ ಕೆಳಗೆ. ಒಮ್ಮೆ ಅದನ್ನು ಪಕ್ಕಕ್ಕೆ ಸರಿಸಲೆಂದು ಕಾವಲುಗಾರನ ಮಗ ಒಳಗೆ ಕೂತು, ಉದ್ದ ಸೀಟಿನ ನಡುಭಾಗದಲ್ಲಿ ಕೈಯಾಡಿಸಿ, ಕೆಳಗೆ ಬಗ್ಗಿ ನೋಡಿ, "ಅಂಕಲ್, ಗೇರ್ ಯಾರೋ ಕದ್ದಿದ್ದಾರೆ" ಎಂದ.

ಎರಡನೆಯ ಗೂಡಿಗಾಗಿ ಕಟ್ಟಡದ ನಿವಾಸಿಗಳ ಸೊಸೈಟಿಯ ಕಾರ್ಯದರ್ಶಿ ಕಾಯುವವರ ಪಟ್ಟಿ ಮಾಡಿದ್ದಾರೆ. ಭಾವ ಠೇವಣಿ ಕಟ್ಟಿ ಬಂದ. ಯಾರಾದರೂ ಮನೆ ಮಾರಬೇಕು, ಇಲ್ಲವೇ ಕಾರು ಮಾರಬೇಕು, ಇಲ್ಲವೇ ತೀರಿಕೊಳ್ಳಬೇಕು, ಆಗ ಪಾಳಿ ಮುಂದೆ ಸರಿಯುತ್ತದೆ.

ಈ ಸಲದ ಆಯುಧಪೂಜೆಗೆ ನಾನೂ ಹೋಗಿದ್ದೆ. ಪದ್ಮಿನಿಗೆ ಹೂವಿನ ಮಾಲೆ ಹಾಕಿ, ನಿಂಬೆಹಣ್ಣನ್ನು ಚಕ್ರದ ಕೆಳಗೇ ಇಟ್ಟಿದ್ದಾಯಿತು. ಮೇಲೆ ಬಂದಾಗ ತೊಂಬತ್ತರ ಹತ್ತಿರದ ಅತ್ತೆ ಮಣೆಯ ಮುಂದೆ ಕೂತಿದ್ದರು. ಮಣೆಯ ಮೇಲೆ ಸೊಸೈಟಿಯ ರಸೀದಿ.

"ಎಷ್ಟನೆಯ ನಂಬರು, ಮಗಾ?" ಎಂದು ಕೇಳಿದರು.

"ಹದಿನೇಳು, ಅಮ್ಮ" ಎಂದ ಭಾವ.

ಅತ್ತೆ ಕನ್ನಡಕ ಏರಿಸಿ ಅಂಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಕುಂಕುಮವನ್ನು ಅದರ ಮೇಲೆ ಬೀಳದ ಹಾಗೆ, ಕಾಗದದ ಮೂಲೆಗೆ ಹಚ್ಚಿದರು.