ಸತ್ಯಾಂಶ: 'ಟಿಪ್' ಅನ್ನೋದು ಯಾವುದರ ಹ್ರಸ್ವರೂಪವೂ ಅಲ್ಲ

ಒಂದು ಫಾರ್ವರ್ಡ್ ಆಗಾಗ ಬರುತ್ತಿರುತ್ತದೆ. ಹಳೆಯ ಇಂಗ್ಲೆಂಡಿನ ಕಾಫಿ ಹೌಸ್‌ಗಳಲ್ಲಿ 'ಟು ಇನ್ಶೂರ್ ಪ್ರಾಂಪ್ಟ್‌ನೆಸ್' (To Insure Promptness, ಅಂದರೆ ಕೆಲಸ ತಡವಾಗದಂತೆ ಖಾತ್ರಿಪಡಿಸಲು) ಎಂದು ಬರೆದ ಡಬ್ಬಿ ಇಡುತ್ತಿದ್ದರಂತೆ. ಬೇಗ ಕೆಲಸ ಆಗಲಿ ಎಂದು ಗಿರಾಕಿಗಳು ಅದಕ್ಕೆ ಕಾಸು ಹಾಕುತ್ತಿದ್ದರಂತೆ. ಆ ಮೂರು ಪದಗಳ ಮೊದಲಕ್ಷರ ಸೇರಿ 'ಟಿಪ್' ಆಯಿತಂತೆ.

ಕಥೆ ಚೆನ್ನಾಗಿದೆ, ಆದರೆ ನಿಜವಲ್ಲ.

'ಟಿಪ್' ಹುಟ್ಟಿದ್ದು ಕ್ರಿಯಾಪದವಾಗಿ. 1600ರ ಆಸುಪಾಸಿನಲ್ಲಿ ಇದು ಇಂಗ್ಲೆಂಡಿನ ಕಳ್ಳರ ಗುಟ್ಟಿನ ಭಾಷೆಯಲ್ಲಿತ್ತು. ಅರ್ಥ ಇಷ್ಟೇ: ಕೊಡು, ಕೈಗೆ ದಾಟಿಸು. ಆಗ ಲಂಡನ್ನಿನಲ್ಲಿ ಕಾಫಿ ಹೌಸ್‌ಗಳೇ ಇರಲಿಲ್ಲ. ಮೊದಲನೆಯದು ಶುರುವಾದದ್ದು 1652ರಲ್ಲಿ. 18ನೇ ಶತಮಾನದ ಮೊದಲ ವರ್ಷಗಳಲ್ಲಿ 'ಖುಷಿಗೆ ಸ್ವಲ್ಪ ಹಣ ಕೊಡು' ಎಂಬ ಅರ್ಥ ಬಂತು. ಕೊಟ್ಟ ಹಣಕ್ಕೇ ಆ ಹೆಸರು ಅಂಟಿಕೊಂಡದ್ದು ಇನ್ನೂ ಆಮೇಲೆ. ಮೊದಲಕ್ಷರಗಳಿಂದ ಹುಟ್ಟಿದ್ದರೆ ಹಣದ ಹೆಸರೇ ಮೊದಲು ಬರಬೇಕಿತ್ತು, ಅಲ್ವಾ?

ಇನ್ನೊಂದು ವಿಷಯ. ಮೊದಲಕ್ಷರ ಜೋಡಿಸಿ ಪದ ಮಾಡುವ ಚಾಳಿ ಇಂಗ್ಲಿಷಿನಲ್ಲಿ ಜಾಸ್ತಿಯಾದದ್ದು 20ನೇ ಶತಮಾನದಲ್ಲಿ. ಅದಕ್ಕೂ ಹಳೆಯ ಪದಕ್ಕೆ ಯಾರಾದರೂ ಇಂಥ ಕಥೆ ಹೇಳಿದರೆ ಸುಮ್ನೆ ನಂಬಬೇಡಿ. 'ಖಾತ್ರಿಪಡಿಸು ಅನ್ನೋಕೆ ಇನ್ಶೂರ್ (insure) ಅಲ್ಲ, ಎನ್ಶೂರ್ (ensure) ಆಗಬೇಕಿತ್ತು, ಆಗ ಮೊದಲಕ್ಷರ ಸೇರಿದರೆ ಟಿಪ್ ಆಗುವುದೇ ಇಲ್ಲ' ಎಂದೂ ಕೆಲವರು ವಾದಿಸುತ್ತಾರೆ. ಅದು ಅಷ್ಟು ಗಟ್ಟಿ ವಾದವಲ್ಲ. ಹಿಂದೆ ಆ ಎರಡನ್ನೂ ಒಂದರ ಬದಲು ಇನ್ನೊಂದು ಬಳಸುತ್ತಿದ್ದರು.

ಕುದುರೆ ರೇಸಿನ 'ಟಿಪ್', ಪರೀಕ್ಷೆಗೆ ಕೊಡುವ 'ಟಿಪ್ಸ್' ಕೂಡ ಬಹುಶಃ ಇದೇ ದಾಟಿಸುವ ಅರ್ಥದಿಂದ ಬಂದವು. ಇಲ್ಲಿ ದಾಟುವುದು ಹಣವಲ್ಲ, ಸುಳಿವು.