ಪಂಪಿಗೂ ಪೂಜೆ

ಆಯುಧಪೂಜೆಯ ದಿನ ನಮ್ಮ ತುಮಕೂರಿನಲ್ಲಿ ಬಾಳೆಕಂಬ ಸಿಗುತ್ತದೆ, ಬೂದುಗುಂಬಳಕಾಯಿ ಸಿಗುತ್ತದೆ, ಯಾವ ಅಂಗಡಿ ಮುಂದೆ ನಿಂತರೂ ಒಂದು ಪೊಟ್ಟಣ ಕಡಲೆಪುರಿ ಸಿಗುತ್ತದೆ. ರಿಪೇರಿ ಮಾತ್ರ ಸಿಗಲ್ಲ. ವರ್ಷವೆಲ್ಲಾ ಗ್ರೀಸು ಮೆತ್ತಿಕೊಂಡು ದುಡಿಯುವ ಸ್ಪ್ಯಾನರು, ಸುತ್ತಿಗೆ, ಜಾಕುಗಳು ಅವತ್ತು ಮೈ ತೊಳೆದುಕೊಂಡು, ಕುಂಕುಮ ಇಟ್ಟುಕೊಂಡು ಕೂತಿರುತ್ತವೆ. ಅವಕ್ಕೂ ರಜ ಬೇಡವಾ? ಬೇಕು. ಆದರೆ ಇದನ್ನೆಲ್ಲ ಜಾಲಿಮುಳ್ಳಿಗೆ ಹೇಳುವವರು ಯಾರು?

ಬೆಳಗ್ಗೆ ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗಿ ಸೇವಂತಿಗೆ, ಚೆಂಡುಹೂ ತಂದೆ. ವಾಪಸ್ ಬರುವಾಗ ಸೈಕಲ್ಲಿನ ಹಿಂದಿನ ಚಕ್ರ ಕೂತುಬಿಟ್ಟಿತು. ಸೈಕಲ್ ನಿಜಕ್ಕೂ ನನ್ನ ತಂಗಿಯದು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತಲ್ಲ, ಆ ಕಾಲದ್ದು. ತಂಗಿ ಗಂಡನ ಮನೆಗೆ ಹೋದಳು, ಸೈಕಲ್ ತವರಲ್ಲೇ ಉಳಿಯಿತು.

ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋದೆ. ಕಂಪ್ರೆಸರಿಗೆ ಮೂರು ಪಟ್ಟೆ ವಿಭೂತಿ, ಮೇಲೊಂದು ಹಾರ. ಅಂಗಡಿಯವನು ಬಿಳಿ ಷರಟು ಹಾಕಿದ್ದ, ಗುರುತೇ ಸಿಗಲಿಲ್ಲ. ‘ಇವತ್ತು ಮುಟ್ಟಂಗಿಲ್ಲ ಸಾರ್’ ಅಂದವನೇ ಕೈಗೆ ಕಡಲೆಪುರಿ ಕೊಟ್ಟ. ಇನ್ನೊಂದು ಅಂಗಡಿಗೆ ಹೋದೆ. ಅಲ್ಲೂ ಕಡಲೆಪುರಿ. ಚೀಲ ತುಂಬಿತು, ಟೈರು ತುಂಬಲಿಲ್ಲ.

ಮನೆಯಲ್ಲೇ ಹಾಕಿಕೊಳ್ಳೋಣ ಅಂದರೆ ಅಮ್ಮ ಹಿಂದಿನ ರಾತ್ರಿಯೇ ಟೂಲ್ ಬಾಕ್ಸನ್ನು ದೇವರ ಮುಂದೆ ಇಟ್ಟಿದ್ದಳು. ಈಳಿಗೆಮಣೆ, ಹೊಲಿಗೆ ಮಿಷನ್ನಿನ ಕತ್ತರಿ, ಸೈಕಲ್ ಪಂಪು, ಮಗನ ಪುಸ್ತಕಗಳು, ಎಲ್ಲವೂ ಸಾಲಾಗಿ ಕೂತಿದ್ದವು. ಅದೃಷ್ಟಕ್ಕೆ ಪ್ಯಾಚ್ ಡಬ್ಬಿ ಕಪಾಟಿನಲ್ಲೇ ಉಳಿದಿತ್ತು.

ಸ್ಪ್ಯಾನರ್ ಇಲ್ಲದಿದ್ದರೂ ಪಂಕ್ಚರ್ ಹಾಕಬಹುದು. ಚಕ್ರ ಬಿಚ್ಚಲೇಬೇಕು ಅಂತೇನಿಲ್ಲ. ಟೈರಿನ ಒಂದು ಅಂಚನ್ನು ರಿಮ್ಮಿನಿಂದ ಎಬ್ಬಿಸಿದರೆ ಟ್ಯೂಬು ಹೊರಗೆ ಬರುತ್ತದೆ. ಎಬ್ಬಿಸೋಕೆ ಎರಡು ಚಮಚ ಸಾಕು. ‘ಪಾಯಸದ ಚಮಚ ಕಣೋ ಅವು!’ ಅಂತ ಅಮ್ಮ ಅಡುಗೆಮನೆಯಿಂದ ಕೂಗುವಷ್ಟರಲ್ಲಿ ಒಂದು ಬಗ್ಗಿಯಾಗಿತ್ತು.

ತೂತು ಎಲ್ಲಿದೆ ಅಂತ ಗೊತ್ತಾಗೋಕೆ ಟ್ಯೂಬಿನಲ್ಲಿ ಒಂಚೂರು ಗಾಳಿ ಬೇಕಲ್ಲ. ವಾಲ್ ಬಿಚ್ಚಿ ಬಾಯಲ್ಲೇ ಊದಿದೆ. ಕೆನ್ನೆ ನೋವು ಬಂತು, ಟ್ಯೂಬು ಅರೆಮನಸ್ಸಿನಿಂದ ಸ್ವಲ್ಪ ಉಬ್ಬಿತು. ಕಾಂಪೌಂಡಿನ ಆಚೆಯಿಂದ ರಿಟೈರ್ಡ್ ಮೇಷ್ಟ್ರು ಇಣುಕಿದರು. ‘ಏನ್ರೀ, ಆಗ್ಲೇ ಶಂಖ ಊದ್ತಾ ಇದ್ದೀರಾ? ಪೂಜೆ ಶುರುವಾಯ್ತಾ?’

ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅವರಿಗೆ ಅದೇ ಬೇಕಾಗಿತ್ತು. ಈ ಗಾಳಿ ಟೈರಿಗೆ 1888ರಲ್ಲಿ ಪೇಟೆಂಟ್ ತೆಗೆದುಕೊಂಡಿದ್ದು ಬೆಲ್‌ಫಾಸ್ಟಿನಲ್ಲಿದ್ದ ಡನ್ಲಪ್ ಅನ್ನುವ ದನದ ಡಾಕ್ಟರು, ಮಗನ ಮೂರು ಗಾಲಿ ಸೈಕಲ್ಲಿಗೆ ಅಂತ ಮಾಡಿದ್ದು ಅಂತೆಲ್ಲಾ ಪಾಠ ಮಾಡಿದರು. ಪಾಠ ಚೆನ್ನಾಗಿಯೇ ಇತ್ತು. ಆ ಡಾಕ್ಟರು ಒಂದು ಸಲ ನಮ್ಮ ಬಯಲುಸೀಮೆಯ ಜಾಲಿಮರ ನೋಡಿದ್ದರೆ ಮಗನಿಗೆ ನಡೆದೇ ಹೋಗು ಅಂತಿದ್ದರೇನೋ.

ವಾಲಿನ ಬಾಯಿಗೆ ಹೆಬ್ಬೆರಳು ಒತ್ತಿ ಟ್ಯೂಬನ್ನು ಟಬ್ಬಿನ ನೀರಿನಲ್ಲಿ ಮುಳುಗಿಸಿದೆ. ಸಾಸಿವೆ ಗಾತ್ರದ ಗುಳ್ಳೆಗಳು ದಾರ ಪೋಣಿಸಿದ ಹಾಗೆ ಮೇಲೆ ಬಂದವು. ಟೈರಿನ ಒಳಗೆ ಬಟ್ಟೆ ಆಡಿಸಿದರೆ ಒಂದು ಕಡೆ ಚಕ್ಕನೆ ಸಿಕ್ಕಿಕೊಂಡಿತು. ಮುಳ್ಳು ಅಲ್ಲೇ ಇತ್ತು. ಕಿತ್ತೆಸೆದು, ಟ್ಯೂಬು ಒರೆಸಿ, ಉಪ್ಪುಕಾಗದದಿಂದ ಉಜ್ಜಿ ಸಲ್ಯೂಷನ್ ಸವರಿದೆ. ಸವರಿದ ತಕ್ಷಣ ಪ್ಯಾಚ್ ಅಂಟಿಸಬಾರದು. ಹೊಳಪು ಹೋಗುವವರೆಗೂ ಕಾಯಬೇಕು. ಕಾಯುತ್ತಿದ್ದೆ. ಪಕ್ಕದಲ್ಲೇ ಮಗ ಚೆಂಡುಹೂ ಬಿಡಿಸುತ್ತಿದ್ದ. ಚಿತ್ತಾ ಮಳೆಯ ಮೋಡದ ಜೊತೆ ಒಂದು ಗಾಳಿ ಬೀಸಿತು ನೋಡಿ, ಇಪ್ಪತ್ತು ಎಸಳು ಬಂದು ಸಲ್ಯೂಷನ್ನಿನ ಮೇಲೆ ಕೂತವು. ‘ಟ್ಯೂಬಿಗೂ ಪೂಜೆ ಆಯ್ತಪ್ಪಾ’ ಅಂದ ಮಗ. ಎಲ್ಲಾ ಕೆರೆದು ಮತ್ತೆ ಉಜ್ಜು, ಮತ್ತೆ ಸವರು, ಮತ್ತೆ ಕಾಯಿ.

ಪ್ಯಾಚ್ ಕೂತಿತು. ಟೈರೂ ರಿಮ್ಮಿನೊಳಗೆ ಹೋಯಿತು. ಇನ್ನು ಗಾಳಿ. ಇದಕ್ಕೆ ಬಾಯಿ ಸಾಲಲ್ಲ, ಪಂಪೇ ಬೇಕು. ‘ಒಂದು ನಿಮಿಷ ಕೊಡಮ್ಮಾ, ಹೊಡೆದು ಅಲ್ಲೇ ಇಡ್ತೀನಿ’ ಅಂದೆ. ಅಮ್ಮ ಸ್ವಲ್ಪ ಕರಗಿದ ಹಾಗೆ ಕಂಡಳು. ಆದರೆ ಮಗ ಬಾಗಿಲಿಗೆ ಅಡ್ಡ ನಿಂತ.

‘ಅಜ್ಜಿ, ಪೂಜೆಗಿಟ್ಟಿದ್ದು ತೆಗೀಬಾರದು ಅಂತ ನೀನೇ ಹೇಳಿದ್ದೆ!’

ಅವನಿಗೆ ಪಂಪಿನ ಮೇಲೇನೂ ಅಂಥಾ ಭಕ್ತಿಯಿಲ್ಲ. ಪಂಪಿನ ಪಕ್ಕದಲ್ಲಿ ಅವನ ಗಣಿತದ ಪುಸ್ತಕ ಇತ್ತು. ಇವತ್ತು ಪಂಪು ಎದ್ದರೆ ಅದರ ಹಿಂದೆಯೇ ಗಣಿತವೂ ಎದ್ದು ಬರುತ್ತದೆ ಅನ್ನುವ ದೂರಾಲೋಚನೆ. ಅಜ್ಜಿಗೆ ಮೊಮ್ಮಗನ ಶಾಸ್ತ್ರಜ್ಞಾನ ಕಂಡು ಕಣ್ಣು ತುಂಬಿ ಬಂತು. ನನ್ನ ಅರ್ಜಿ ವಜಾ ಆಯಿತು. ಮೇಷ್ಟ್ರ ಪಂಪು ಕೇಳೋಣ ಅಂದರೆ ಅವರ ಮನೆಯಲ್ಲೂ ಗಂಟೆ ಬಾರಿಸುತ್ತಿತ್ತು.

ಕೊನೆಗೆ ಚಪ್ಪಟೆ ಟೈರಿನ ಸೈಕಲ್ಲನ್ನೇ ಸ್ಕೂಟರಿನ ಪಕ್ಕ ನಿಲ್ಲಿಸಿ, ಹಾರ ಹಾಕಿ, ಮಂಗಳಾರತಿ ಮಾಡಿದೆವು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಸ್ಕೂಟರು ತನ್ನ ಪಾಲಿನದನ್ನು ಪಚಕ್ ಅನ್ನಿಸಿ ಮುಂದೆ ಹೋಯಿತು. ಮಗ ಸೈಕಲ್ ತಳ್ಳಿದ. ಹಿಂದಿನ ಟೈರು ನಿಂಬೆಹಣ್ಣನ್ನು ಮೆಲ್ಲಗೆ ಪಕ್ಕಕ್ಕೆ ನೂಕಿತು. ಅದು ಉರುಳಿಕೊಂಡು ಹೋಗಿ ಅಮ್ಮನ ಕಾಲ ಹತ್ತಿರ ನಿಂತಿತು. ಅಮ್ಮ ಬಗ್ಗಿ ಎತ್ತಿಕೊಂಡಳು, ತಿರುಗಿಸಿ ನೋಡಿದಳು, ಸೆರಗಿನಲ್ಲಿ ಒರೆಸಿದಳು.

‘ಏನೂ ಆಗಿಲ್ಲ. ಚಿತ್ರಾನ್ನಕ್ಕೆ ಆಗುತ್ತೆ’ ಅಂತ ಒಳಗೆ ಹೋದಳು.